ಮುಳ್ಳು ಕದಲಿಸದ ಅತ್ತೆಯವರ ರೇಡಿಯೊ

ಪ್ರಿಯ ಸೋದರಿ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಕಣ್ಣು ಕಾಣದ ನಿಮ್ಮ ಅತ್ತೆಯವರು ದಿನಾ ಬೆಳಗ್ಗೆ ಹಾಕಿ ಕೇಳುತ್ತಿದ್ದ ಎಫ್.ಎಂ. ಒಂದು ದಿನ ಇದ್ದಕ್ಕಿದ್ದಂತೆ ಬರೀ ಸುಯ್ಯೆಂದಿದೆ. ಸೆಟ್ಟು ಕೆಟ್ಟಿತೆಂದು ರಿಪೇರಿಗೂ ಕೊಟ್ಟಿರಿ. ವಾರದ ಮೇಲೆ ಗೊತ್ತಾಯಿತು, ಕೇಂದ್ರವೇ ಬೇರೆ ತರಂಗಾಂತರಕ್ಕೆ ಹೋಗಿದೆ ಎಂದು. 'ಚೆನ್ನಾಗಿ ಬರುತ್ತಿದ್ದುದನ್ನು ಯಾಕೆ ಬದಲಿಸಿದರು? ನಮಗೊಂದು ಮಾತು ಹೇಳಬಾರದಿತ್ತೆ?' ಎಂದು ಕೇಳಿದ್ದೀರಿ.

ಬದಲಾವಣೆ ಹೆಚ್ಚಾಗಿ ಕೇಂದ್ರದವರ ಮರ್ಜಿಯಲ್ಲ. ಬಹುತೇಕ ದೇಶಗಳಲ್ಲಿ ಎಫ್.ಎಂ.ಗೆ ಸಿಕ್ಕಿರುವ ಜಾಗ 87.5ರಿಂದ 108 ಮೆಗಾಹರ್ಟ್ಸ್, ಅಷ್ಟೇ. ಅದರಾಚೆ ವಿಮಾನಗಳಿಗೆ ದಾರಿ ತೋರಿಸುವ ಸಂಕೇತಗಳು ಶುರುವಾಗುತ್ತವೆ, ಅಲ್ಲಿಗೆ ಕಾಲಿಡುವಂತಿಲ್ಲ. ಪ್ರತಿ ಕೇಂದ್ರದ ಧ್ವನಿಯೂ ತನ್ನ ಅಂಕಿಯ ಆಚೀಚೆ 75 ಕಿಲೋಹರ್ಟ್ಸ್‌ವರೆಗೆ ತೂಗಾಡುವುದರಿಂದ ಪಕ್ಕದವರ ನಡುವೆ ಅಂತರ ಬೇಕೇ ಬೇಕು. ಹೊಸ ಕೇಂದ್ರವೊಂದು ಬಂದರೆ, ಇಲ್ಲವೇ ದೂರದ ಕೇಂದ್ರದ ಶಕ್ತಿ ಹೆಚ್ಚಿದರೆ, ಯಾರಾದರೊಬ್ಬರು ಸರಿದು ಕೂರಬೇಕಾಗುತ್ತದೆ. ಒಂದೇ ಅಂಕಿಯಲ್ಲಿ ಇಬ್ಬರು ಬಂದರೆ ಎಫ್.ಎಂ. ಸೆಟ್ಟು ಎರಡನ್ನೂ ಬೆರೆಸಿ ಕೇಳಿಸುವುದಿಲ್ಲ. ಬಲವಾದದ್ದನ್ನು ಹಿಡಿದು ಇನ್ನೊಂದನ್ನು ನುಂಗಿಬಿಡುತ್ತದೆ. ಪ್ರಯಾಣದಲ್ಲಿ ಒಂದು ತಿರುವು ದಾಟಿದ ಕೂಡಲೇ ಅರ್ಧ ಹಾಡು ನಿಂತು ಯಾರದೋ ಮಾತು ನುಗ್ಗುವುದು ಹೀಗೆಯೇ. ನಿಮ್ಮಲ್ಲಿ ಸ್ಪಷ್ಟವಾಗಿ ಬರುತ್ತಿದ್ದ ಕೇಂದ್ರ, ಪ್ರಸಾರದ ಅಂಚಿನಲ್ಲಿರುವವರಿಗೆ ಕೇಳಿಸದೇ ಹೋಗಿದ್ದಿರಬಹುದು.

ಇದಕ್ಕಿಂತ ದೊಡ್ಡ ಸ್ಥಳಾಂತರವೂ ನಡೆದಿದೆ. ಅಮೆರಿಕದಲ್ಲಿ 1945ರಲ್ಲಿ ಇಡೀ ಎಫ್.ಎಂ. ಪಟ್ಟಿಯನ್ನೇ 42–50 ಮೆಗಾಹರ್ಟ್ಸ್‌ನಿಂದ ಎತ್ತಿ 88ರ ಮೇಲಕ್ಕೆ ಹಾಕಿದರು. ಎಫ್.ಎಂ. ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ವಿರೋಧಿಸಿದರೂ ತೀರ್ಮಾನ ಬದಲಾಗಲಿಲ್ಲ. ಮನೆಗಳಲ್ಲಿದ್ದ ಸೆಟ್ಟುಗಳಿಗೆ ಹೊಸ ಜಾಗ ಮುಟ್ಟಲು ಆಗುತ್ತಲೇ ಇರಲಿಲ್ಲ. ನಿಮ್ಮ ಸೆಟ್ಟಿಗೆ ಆ ಗತಿ ಬಂದಿಲ್ಲ, ಮುಳ್ಳು ಸರಿಸಿದರೆ ಸಾಕು.

ಆದರೆ ನಿಮ್ಮ ಎರಡನೆಯ ಪ್ರಶ್ನೆಯಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ. ಕೆಲವು ಕಾರಿನ ಸೆಟ್ಟುಗಳು ಕೇಂದ್ರದ ಗುರುತು ಹಿಡಿದು ತಾವೇ ಬೇರೆ ಅಂಕಿಗೆ ಹೋಗುತ್ತವೆ. ಕೈಯಲ್ಲಿ ತಿರುಗಿಸುವ ಸೆಟ್ಟಿಗೆ ಆ ಜಾಣ್ಮೆ ಇಲ್ಲ. ಮೊಬೈಲಿನಲ್ಲಿ ಹಾಕಿದ ಪ್ರಕಟಣೆ ರೇಡಿಯೊ ಒಂದನ್ನೇ ನಂಬಿದವರಿಗೆ ತಲುಪುವುದು ಹೇಗೆ? ಹೋಗುವ ಮೊದಲು ಹಳೆಯ ಅಂಕಿಯಲ್ಲೇ ವಾರಗಟ್ಟಲೆ ಹೇಳಬೇಕು. ಆ ಅಂಕಿ ಖಾಲಿಯಿದ್ದು ಅನುಮತಿ ಸಿಕ್ಕರೆ, ಹೋದ ಮೇಲೂ ಕೆಲವು ದಿನ ಅಲ್ಲಿ 'ನಾವು ಇಲ್ಲಿಗೆ ಬಂದಿದ್ದೇವೆ' ಎಂಬ ಧ್ವನಿ ಇರಬೇಕು. ಅಂಕಿಯ ಜೊತೆಗೆ 'ಮುಳ್ಳನ್ನು ಬಲಕ್ಕೆ ಕೂದಲೆಳೆಯಷ್ಟು ಸರಿಸಿ' ಎಂದೂ ಹೇಳಬೇಕು. ಕಾಣದವರು ಕೈಯಿಂದಲೇ ಹುಡುಕುತ್ತಾರೆ.

ಈಗ ಅತ್ತೆಯವರಿಗಾಗಿ ಹೀಗೆ ಮಾಡಿ. ಅವರಿಗೆ ಪರಿಚಿತ ಉದ್ಘೋಷಕರ ಧ್ವನಿ ಬರುವ ಹೊತ್ತು ನೋಡಿ ಏರಿಯಲ್ ಪೂರ್ತಿ ಎಳೆಯಿರಿ. ಎಫ್.ಎಂ. ಅಲೆಯ ಉದ್ದ ಸುಮಾರು ಮೂರು ಮೀಟರ್. ಅದರ ಕಾಲು ಭಾಗ, ಅಂದರೆ ಮುಕ್ಕಾಲು ಮೀಟರಿನ ಏರಿಯಲ್ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಅರ್ಧ ಮಡಚಿಟ್ಟರೆ ಸದ್ದೇ ಹೆಚ್ಚು. ಕೇಂದ್ರ ಸಿಕ್ಕ ಮೇಲೆ ತಿರುಗಿಸುವ ಚಕ್ರದ ಮೇಲೆ ಉಗುರುಬಣ್ಣದ ಒಂದು ದಪ್ಪ ಹನಿ, ಅದರೆದುರು ಸೆಟ್ಟಿನ ಮೈಮೇಲೆ ಇನ್ನೊಂದು ಹನಿ ಇಡಿ. ಒಣಗಿದ ಮೇಲೆ ಎರಡು ಉಬ್ಬುಗಳು ಎದುರುಬದುರು ಬಂದರೆ ಕೇಂದ್ರ ಬಂತೆಂದು ಬೆರಳಿಗೇ ತಿಳಿಯುತ್ತದೆ. ಮೊದಲ ಸಲ ಅವರೇ ತಿರುಗಿಸಲಿ, ನೀವು ಪಕ್ಕದಲ್ಲಿರಿ.

ಆ ಮೌನದ ವಾರದ ಬಗ್ಗೆ ಕೇಂದ್ರಕ್ಕೂ ಒಂದು ಕಾಗದ ಬರೆಯಿರಿ. ನನಗೆ ಬರೆದಷ್ಟೇ ವಿವರವಾಗಿ.

– ಸಂಪಾದಕ