ಜರ್ಮನ್ ಮನೆಯವರಿಗೆ 'ಹೋಗಿ ಬರ್ತೀನಿ' ಹೇಳೋದು ಹೇಗೆ?

ನೀವು ಬರೆದಿರೋದನ್ನ ಒಮ್ಮೆ ಹೇಳಿಬಿಡ್ತೀನಿ, ಬೇರೆಯವರಿಗೂ ಗೊತ್ತಾಗಲಿ: ಜರ್ಮನಿಯ ಬವೇರಿಯಾ ರಾಜ್ಯದ ಸಣ್ಣ ಊರಲ್ಲಿ ಒಂದು ವರ್ಷದ ಸ್ವಯಂಸೇವೆ ಆಗಸ್ಟ್ ಕೊನೆಗೆ ಮುಗಿಯುತ್ತೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಪಕ್ಕದ ಮನೆಯಲ್ಲಿ ಅಜ್ಜಿ. ಇವರ ಜತೆ ಇದ್ದೀರಿ. ಏನು ಕೊಡಬೇಕು, ಏನು ಹೇಳಬೇಕು, ಎಡವಟ್ಟಾಗದ ಹಾಗೆ ಹೊರಡೋದು ಹೇಗೆ ಅಂತ ಕೇಳಿದ್ದೀರಿ.

ಉಡುಗೊರೆ ಆಮೇಲೆ, ಮೊದಲು ಕ್ಯಾಲೆಂಡರ್ ತೆಗೀರಿ. ಬವೇರಿಯಾದ ಶಾಲೆಗಳಿಗೆ ಬೇಸಿಗೆ ರಜೆ ಆಗಸ್ಟ್ ಶುರುವಿನಿಂದ ಸೆಪ್ಟೆಂಬರ್ ಮಧ್ಯದ ತನಕ. ಮಕ್ಕಳಿರುವ ಮನೆಯವರು ಪ್ರವಾಸ ಹೋಗೋದು ಆಗಲೇ, ಅದಕ್ಕೆ ಎಷ್ಟೋ ತಿಂಗಳ ಮುಂಚೆಯೇ ಬುಕಿಂಗ್ ಆಗಿರುತ್ತೆ. ನೀವು ವಿಮಾನ ಹತ್ತುವ ದಿನ ಮನೆಯಲ್ಲಿ ಒಬ್ಬರೂ ಇಲ್ಲದೇ ಇರಬಹುದು. ಅದನ್ನ ತಾತ್ಸಾರ ಅಂತ ತಿಳಿಯಬೇಡಿ, ನೀವು ಕೇಳಲಿಲ್ಲ, ಅವರು ಹೇಳಲಿಲ್ಲ, ಅಷ್ಟೆ. ಮೇ ತಿಂಗಳಲ್ಲೇ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು 'ನೀವು ಯಾವಾಗ ಊರಲ್ಲಿರಲ್ಲ?' ಅಂತ ಕೇಳಿ. ಅವರೆಲ್ಲ ಮನೆಯಲ್ಲಿರುವ ಒಂದು ಸಂಜೆ ಗೊತ್ತುಮಾಡಿ, ಅಲ್ಲೇ ನಿಮ್ಮ ಹೆಸರು ಬರೀರಿ. ನಿಜವಾದ ಬೀಳ್ಕೊಡುಗೆ ಆ ಸಂಜೆ. ಕೊನೆಯ ದಿನಕ್ಕೆ ಏನನ್ನೂ ಉಳಿಸಿಕೊಳ್ಳಬೇಡಿ.

ಆ ಸಂಜೆಗೆ ನೀವೇ ಅಡುಗೆ ಮಾಡಿ. ಜೇಬುಖರ್ಚಿನ ದುಡ್ಡಲ್ಲಿ ದುಬಾರಿ ಉಡುಗೊರೆ ಕೊಟ್ಟರೆ ಅವರಿಗೇ ಮುಜುಗರ. ಊಟಕ್ಕೆ ಆ ತೊಂದರೆ ಇಲ್ಲ. ಬಿಸಿಬೇಳೆಬಾತ್ ಮಾಡೋ ಆಸೆ ಎಲ್ಲರಿಗೂ ಬರುತ್ತೆ. ನನ್ನ ಕೇಳಿದರೆ ಚಿತ್ರಾನ್ನ, ಕೋಸಂಬರಿ, ಹಪ್ಪಳ ಸಾಕು. ಬೇಸಿಗೆಯಲ್ಲಿ ಹಗುರ, ತಣ್ಣಗಾದರೂ ರುಚಿ ಕೆಡಲ್ಲ, ಮುಖ್ಯವಾಗಿ ನೀವು ಹೋದ ಮೇಲೆ ಅವರೇ ಮಾಡಿಕೊಳ್ಳಬಹುದು. ಮೊದಲು ಯಾರಿಗಾದರೂ ಕಡಲೆಕಾಯಿಬೀಜದ ಅಲರ್ಜಿ ಇದೆಯಾ ಕೇಳಿ. ಒಂದು ವರ್ಷ ಜತೆಗಿದ್ದರೂ ಅಜ್ಜಿಯದು ನಿಮಗೆ ಗೊತ್ತಿರಲ್ಲ.

ಐದಾರು ಜನಕ್ಕೆ 400 ಗ್ರಾಂ ಬಾಸ್ಮತಿ. 20 ನಿಮಿಷ ನೆನೆಸಿ, ಸುಮಾರು 600 ಮಿಲಿ ನೀರಲ್ಲಿ ಉದುರಾಗಿ ಬೇಯಿಸಿ, ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ. ಬಿಸಿ ಅನ್ನ ಕಲಸಿದರೆ ಮುದ್ದೆಯಾಗುತ್ತೆ. ಒಗ್ಗರಣೆಗೆ ನಾಲ್ಕು ದೊಡ್ಡ ಚಮಚ ಎಣ್ಣೆ, ಒಂದು ಸಣ್ಣ ಚಮಚ ಸಾಸಿವೆ, ಒಂದೊಂದು ದೊಡ್ಡ ಚಮಚ ಕಡಲೆಬೇಳೆ, ಉದ್ದಿನಬೇಳೆ, 60 ಗ್ರಾಂ ಕಡಲೆಕಾಯಿಬೀಜ, ಅರ್ಧ ಸಣ್ಣ ಚಮಚ ಅರಿಶಿನ. ಒಲೆಯಿಂದ ಇಳಿಸಿದ ಮೇಲೆ ಎರಡು ನಿಂಬೆಹಣ್ಣಿನ ರಸ. ಒಲೆಯ ಮೇಲಿರುವಾಗಲೇ ಹಿಂಡಿದರೆ ಕಹಿ ಬರುತ್ತೆ. ಮೆಣಸಿನಕಾಯಿ ಒಗ್ಗರಣೆಗೆ ಹಾಕಬೇಡಿ, ಬೇರೆ ಹುರಿದು ಬಟ್ಟಲಲ್ಲಿ ಇಡಿ, ಬೇಕಾದವರು ಹಾಕಿಕೊಳ್ಳಲಿ. ಕೋಸಂಬರಿಗೆ 100 ಗ್ರಾಂ ಹೆಸರುಬೇಳೆ ಎರಡು ಗಂಟೆ ನೆನೆದರೆ ಸಾಕು. ಉಪ್ಪು ಬಡಿಸುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತೆ.

ಅಲ್ಲಿ ಕೆಡೋದು ಒಗ್ಗರಣೆಯಲ್ಲಿ. ಗಾಜಿನ ಮೇಲ್ಮೈಯ ಹಳೇ ವಿದ್ಯುತ್ ಒಲೆ ಆರಿಸಿದ ಮೇಲೂ ಬಿಸಿ ಹಿಡಿದಿರುತ್ತೆ, ಬಾಣಲೆ ಎತ್ತಿ ಪಕ್ಕಕ್ಕಿಡದಿದ್ದರೆ ಬೇಳೆ ಸೀಯುತ್ತೆ. ಇಂಡಕ್ಷನ್ ಆದರೆ ಎಣ್ಣೆ ಕ್ಷಣದಲ್ಲಿ ಕಾಯುತ್ತೆ, ಮಧ್ಯಮ ಉರಿ ಮೀರಬೇಡಿ; ಊರಿಂದ ತಂದ ಅಲ್ಯೂಮಿನಿಯಂ ಬಾಣಲೆ ಅದರ ಮೇಲೆ ಕಾಯೋದೇ ಇಲ್ಲ. ಬವೇರಿಯಾದಲ್ಲಿ ಮಲಗುವ ಕೋಣೆ, ಮಕ್ಕಳ ಕೋಣೆ, ಹಜಾರ ಇಷ್ಟರಲ್ಲಿ ಹೊಗೆಯ ಅಲಾರಂ ಕಡ್ಡಾಯ, ಅಡುಗೆಮನೆಗೆ ಕಡ್ಡಾಯವಿಲ್ಲ. ಹಾಗಾಗಿ ಸಾಸಿವೆ ಸಿಡಿಸುವಾಗ ಹಜಾರದ ಬಾಗಿಲು ಮುಚ್ಚಿ, ಕಿಟಕಿ ತೆಗೀರಿ. ನಾವು ಸಾಮಾನ್ಯವಾಗಿ ಮಾಡೋದು ಇದರ ಉಲ್ಟಾ.

ಆರು ಗಂಟೆಗೆ ಊಟ ಅಂದರೆ ಆರಕ್ಕೇ ತಟ್ಟೆ ಮೇಜಿನ ಮೇಲಿರಬೇಕು, ಮಕ್ಕಳು ಬೇಗ ಮಲಗ್ತಾರೆ. ಉಪಚಾರ ನಮ್ಮ ರೀತಿ ಬೇಡ. 'ಸಾಕು' ಅಂದವರ ತಟ್ಟೆಗೆ ಇನ್ನೊಂದು ಸೌಟು ಹಾಕಿದರೆ ಅವರು ಕಷ್ಟಪಟ್ಟು ಮುಗಿಸ್ತಾರೆ, ಯಾಕಂದರೆ ತಟ್ಟೆಯಲ್ಲಿ ಬಿಡಬಾರದು ಅನ್ನೋದು ಅವರ ಮನೆಯ ಪಾಠ. ಒಂದು ಸಲ ಕೇಳಿ, ಪಾತ್ರೆ ಮೇಜಿನ ಮೇಲಿಡಿ. ಮೇಲಿನ ಅಡುಗೆಯನ್ನ ಜರ್ಮನ್‌ನಲ್ಲಿ ಬರೆದು ಕೊಡಿ. ಅಳತೆ ಗ್ರಾಂನಲ್ಲಿರಲಿ, ಅಲ್ಲಿ ಅಡುಗೆ ತಕ್ಕಡಿ ಇಲ್ಲದ ಮನೆ ಅಪರೂಪ. 'ರುಚಿಗೆ ತಕ್ಕಷ್ಟು ಉಪ್ಪು' ಅಂತ ಬರೆದರೆ ಆ ಕಾಗದ ಫ್ರಿಜ್ ಬಾಗಿಲ ಮೇಲೆ ಅಲಂಕಾರಕ್ಕೆ ಉಳಿಯುತ್ತೆ, ಅಷ್ಟೆ.

ಇನ್ನು ಉಡುಗೊರೆ. ಊರಿಂದ ಅಮ್ಮ ಪಾರ್ಸೆಲ್ ಕಳಿಸ್ತೀನಿ ಅಂದರೆ ಮೊದಲೇ ಹೇಳಿಬಿಡಿ: ಧಾರವಾಡ ಪೇಡ ಬೇಡ, ತುಪ್ಪ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಖಾಸಗಿಯಾಗಿ ಹಾಲಿನ ಪದಾರ್ಥ, ಮಾಂಸ ತರಿಸೋದಕ್ಕೆ ನಿಷೇಧ ಇದೆ, ಕಸ್ಟಮ್ಸ್‌ನವರು ತೆಗೆದು ನಾಶ ಮಾಡ್ತಾರೆ. ಖಾಸಗಿ ವ್ಯಕ್ತಿಯಿಂದ ಖಾಸಗಿ ವ್ಯಕ್ತಿಗೆ ಬರುವ ಉಡುಗೊರೆ 45 ಯೂರೋ ಒಳಗಿದ್ದರೆ ಸುಂಕ ಇಲ್ಲ. ಅದರಲ್ಲೂ ಕಾಫಿಪುಡಿ ಅರ್ಧ ಕೆಜಿ ಮೀರಬಾರದು, ಜರ್ಮನಿಯಲ್ಲಿ ಕಾಫಿಗೇ ಒಂದು ಪ್ರತ್ಯೇಕ ತೆರಿಗೆ ಇದೆ. ಕಸ್ಟಮ್ಸ್ ಚೀಟಿಯಲ್ಲಿ ಬರೀ 'ಉಡುಗೊರೆ' ಅಂತ ಬರೆದರೆ ಪೆಟ್ಟಿಗೆ ತಡೆದು ನಿಮ್ಮನ್ನ ಕಚೇರಿಗೆ ಕರೀತಾರೆ. ಒಂದೊಂದು ವಸ್ತು, ಎಷ್ಟು, ಬೆಲೆ ಎಷ್ಟು ಅಂತ ಬರೆಸಿ. ಜೂನ್ ಒಳಗೆ ಕಳಿಸಿದರೆ ನಿಶ್ಚಿಂತೆ.

ಮಕ್ಕಳಿಗೆ ಚನ್ನಪಟ್ಟಣದ ಬುಗುರಿ ಅಥವಾ ಗಾಡಿ ಒಳ್ಳೇದು. ಮರದ ಆಟಿಕೆಗೆ ಆ ದೇಶದಲ್ಲೇ ದೊಡ್ಡ ಪರಂಪರೆ ಇದೆ, ಅರಗಿನ ಬಣ್ಣದ ಹೊಳಪು ನೋಡಿ ದೊಡ್ಡವರೂ ಕೈಗೆತ್ತಿಕೊಳ್ತಾರೆ. ಗಂಡ ಹೆಂಡತಿಗೆ ಚಿಕ್ಕಮಗಳೂರಿನ ಕಾಫಿಪುಡಿ 250 ಗ್ರಾಂ ಮತ್ತು ಸಣ್ಣ ಸ್ಟೀಲ್ ಫಿಲ್ಟರ್. ಜರ್ಮನರಿಗೆ ಫಿಲ್ಟರ್ ಕಾಫಿ ಅಂದರೆ ಕಾಗದದ ಸೋಸುಕದ ಕಪ್ಪು ಕಾಫಿ. ಆದ್ದರಿಂದ ಹಾಲು, ಡಿಕಾಕ್ಷನ್ ಲೆಕ್ಕ ಬರೆದೇ ಕೊಡಿ, ಇಲ್ಲದಿದ್ದರೆ ಡಿಕಾಕ್ಷನ್ ಹಾಗೇ ಕುಡಿದು ರಾತ್ರಿಯೆಲ್ಲ ಎಚ್ಚರ ಇರ್ತಾರೆ. ಅಜ್ಜಿಗೆ ಹೂಗುಚ್ಛ. ಹೂ ಬೆಸ ಸಂಖ್ಯೆಯಲ್ಲಿರಲಿ, ಅಂಗಡಿಯ ಕಾಗದ ಬಾಗಿಲಲ್ಲೇ ಬಿಚ್ಚಿ ಕೊಡಿ. ಕೆಂಪು ಗುಲಾಬಿ ಪ್ರೇಮಿಗಳದ್ದು. ಬಿಳಿ ಲಿಲಿ, ಸೇವಂತಿಗೆ ಸಮಾಧಿಯವು. ನಮ್ಮಲ್ಲಿ ದೇವರಿಗೆ ಏರಿಸುವ ಸೇವಂತಿಗೆ ಅಲ್ಲಿ ಗೋರಿಯ ಹೂ, ಇದೊಂದು ನೆನಪಿರಲಿ. ನೀವು ಕೊಟ್ಟದ್ದನ್ನ ಅವರು ನಿಮ್ಮೆದುರೇ ಬಿಚ್ಚಿ ನೋಡ್ತಾರೆ. ಅವರು ಕೊಟ್ಟದ್ದನ್ನ ನೀವೂ ಅಲ್ಲೇ ಬಿಚ್ಚಿ, ನಮ್ಮ ಕಡೆಯ ಹಾಗೆ ಪಕ್ಕಕ್ಕಿಟ್ಟರೆ ಇಷ್ಟವಾಗಲಿಲ್ಲ ಅಂದುಕೊಳ್ತಾರೆ.

ಇದೆಲ್ಲಕ್ಕಿಂತ ಬೆಲೆಯಿರೋದು ಕೈಬರಹದ ಕಾರ್ಡ್‌ಗೆ. ಇಡೀ ಮನೆಗೆ ಒಂದಲ್ಲ, ತಲೆಗೊಂದು. ಮೇಲೆ ಅವರ ಹೆಸರು ಕನ್ನಡ ಅಕ್ಷರದಲ್ಲಿ, ಕೆಳಗೆ ನಿಮ್ಮದೇ ಜರ್ಮನ್‌ನಲ್ಲಿ ಐದಾರು ಸಾಲು. ವ್ಯಾಕರಣ ತಪ್ಪಿದ್ದರೆ ಇರಲಿ, ಅನುವಾದದ ಆ್ಯಪ್‌ನಿಂದ ತೆಗೆದ ನುಣುಪು ವಾಕ್ಯ ಅವರಿಗೆ ತಕ್ಷಣ ಗೊತ್ತಾಗುತ್ತೆ. 'ನೀವು ದೇವರಂಥವರು' ಅನ್ನೋ ಧಾಟಿ ಅಲ್ಲಿ ನಾಟಕೀಯ ಅನಿಸುತ್ತೆ. 'ನವೆಂಬರಿನಲ್ಲಿ ನನಗೆ ಜ್ವರ ಬಂದಾಗ ನೀವು ಸೂಪ್ ತಂದು ಬಾಗಿಲಲ್ಲಿ ಇಟ್ಟಿರಿ' ಅಂತ ನಡೆದದ್ದನ್ನೇ ಬರೆದರೆ ಆ ಕಾರ್ಡ್ ವರ್ಷಗಟ್ಟಲೆ ಉಳಿಯುತ್ತೆ.

ಮಾತಿನ ವಿಷಯದಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ. 'ನೀವೆಲ್ಲ ನಮ್ಮೂರಿಗೆ ಬರಲೇಬೇಕು' ಅನ್ನೋದು ನಮಗೆ ಪ್ರೀತಿಯ ಮಾತು, ಅವರಿಗೆ ಆಹ್ವಾನ. ಫೆಬ್ರವರಿಯಲ್ಲಿ ಬರಬಹುದಾ, ಎಷ್ಟು ದಿನ, ಎಲ್ಲಿ ಮಲಗೋದು ಅಂತ ಮಾರನೇ ವಾರವೇ ಕೇಳ್ತಾರೆ. ಮನೆಯಲ್ಲಿ ಜಾಗ ಇಲ್ಲದಿದ್ದರೆ ಅದನ್ನೂ ಸೇರಿಸಿ ಹೇಳಿ: 'ಬನ್ನಿ, ಹತ್ತಿರದ ಹೋಟೆಲಲ್ಲಿ ಉಳಿಯೋದು ಒಳ್ಳೇದು, ಊಟ ನಮ್ಮಲ್ಲೇ.' ಹಾಗೇ ಮಕ್ಕಳಿಗೆ 'ಬೇಗ ಮತ್ತೆ ಬರ್ತೀನಿ' ಅನ್ನಬೇಡಿ. ಆರು ವರ್ಷದ ಮಗು ಅದನ್ನ ಎಣಿಸುತ್ತೆ. ಎರಡು ವಾರ ಮುಂಚೆ ಒಂದು ಪಟ್ಟಿ ಬರೆದು, ದಿನಕ್ಕೊಂದು ಚೌಕ ಬಣ್ಣ ತುಂಬಿಸಿ, ಕೊನೆಯ ಚೌಕದಲ್ಲಿ ವಿಮಾನ ಬಿಡಿಸಿ. ಹೋಗೋದು ಯಾವಾಗ ಅಂತ ಅದಕ್ಕೆ ಗೊತ್ತಿದ್ದರೆ ರಂಪ ಕಡಿಮೆ. 'ಔಫ್ ವೀಡರ್‌ಜೇಯೆನ್' ಅಂದರೂ 'ಮತ್ತೆ ಕಾಣುವ ತನಕ' ಅಂತಲೇ, ನಮ್ಮ 'ಹೋಗಿ ಬರ್ತೀನಿ' ಥರ. ಆದರೆ ಒಂದು ವರ್ಷ ಜತೆಗಿದ್ದ ಮನೆಯವರಿಗೆ ಅದು ತೀರಾ ಔಪಚಾರಿಕ. 'ಮಾಖ್ಟ್ಸ್ ಗೂಟ್' (ಚೆನ್ನಾಗಿರಿ) ಅನ್ನಿ, 'ಡಾಂಕೆ ಫ್ಯೂರ್ ಆಲೆಸ್' (ಎಲ್ಲದಕ್ಕೂ ಧನ್ಯವಾದ) ಅನ್ನಿ. ಅಜ್ಜಿಯ ಕಾಲಿಗೆ ಬೀಳೋದು ಬೇಡ, ಗಾಬರಿಯಾಗ್ತಾರೆ. ಅಪ್ಪಿಕೊಳ್ಳೋದಾ ಕೈಕುಲುಕೋದಾ ಅನ್ನೋದನ್ನ ಅವರಿಗೇ ಬಿಡಿ.

ಈಗ ಕಾಗದಪತ್ರ. ಇದು ಬೀಳ್ಕೊಡುಗೆಗೆ ಸಂಬಂಧಿಸಿದ್ದಲ್ಲ ಅನಿಸಬಹುದು, ಆದರೆ ನೀವು ಬಿಟ್ಟು ಹೋದ ಕೆಲಸವೆಲ್ಲ ಆ ಮನೆಯವರ ತಲೆಗೇ ಬರುತ್ತೆ. ವಾಸದ ನೋಂದಣಿ ರದ್ದತಿ, ಅಂದರೆ ಆಬ್‌ಮೆಲ್ಡುಂಗ್, ಮನೆ ಬಿಡುವ ದಿನಕ್ಕೆ ಒಂದು ವಾರ ಮುಂಚಿನಿಂದ, ಬಿಟ್ಟ ಎರಡು ವಾರದೊಳಗೆ ಮಾಡಬೇಕು. ಅದಕ್ಕೂ ಮುಂಚೆ ಹೋದರೆ ವಾಪಸ್ ಕಳಿಸ್ತಾರೆ. ಸಿಗುವ ದೃಢೀಕರಣ ಪತ್ರ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಮೊಬೈಲ್ ಕರಾರು ಮುರಿಯೋದಕ್ಕೆ ಅದನ್ನೇ ಕೇಳ್ತಾರೆ. ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಇಡೀ ದೇಶದ ಲೋಕಲ್ ರೈಲು, ಬಸ್ಸಿಗೆ ನಡೆಯುವ ತಿಂಗಳ ಪಾಸ್, ಅದರ ಚಂದಾ ಆ ತಿಂಗಳ ಕೊನೆಗೆ ನಿಲ್ಲಬೇಕಾದರೆ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. 11ಕ್ಕೆ ಮಾಡಿದರೆ ಇನ್ನೊಂದು ತಿಂಗಳ ಹಣ ಹೋಯ್ತು. ಬ್ಯಾಂಕ್ ಖಾತೆ ಮಾತ್ರ ಅವಸರದಲ್ಲಿ ಮುಚ್ಚಬೇಡಿ, ವಾಪಸ್ ಬರಬೇಕಾದ ಹಣ ಏನಾದರೂ ಇದ್ದರೆ ಬಂದ ಮೇಲೆ ಮುಚ್ಚಿ. ಬ್ಯಾಂಕಿನ ಸಂದೇಶಗಳು ಜರ್ಮನ್ ನಂಬರಿಗೆ ಬರ್ತಿದ್ದರೆ, ಆ ಸಿಮ್ ಅದಕ್ಕೂ ಮೊದಲು ಸಾಯಬಾರದು. ಸೇವೆ ಮುಗಿದ ಮೇಲೆ ನಾಲ್ಕು ದಿನ ಊರು ಸುತ್ತುವ ಯೋಚನೆ ಇದ್ದರೆ ನಿವಾಸ ಪರವಾನಗಿಯ ಕೊನೆಯ ದಿನ, ಆರೋಗ್ಯ ವಿಮೆಯ ಕೊನೆಯ ದಿನ ಎರಡನ್ನೂ ನೋಡಿ. ಎರಡೂ ಒಂದೇ ದಿನ ಆಗಿರಬೇಕಿಲ್ಲ.

ಎಲ್ಲರೂ ಮರೆಯೋದು ಟಪಾಲು ಪೆಟ್ಟಿಗೆ. ಜರ್ಮನಿಯಲ್ಲಿ ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕ್ತಾರೆ, ಹೆಸರಿಲ್ಲದಿದ್ದರೆ ಕಳಿಸಿದವರಿಗೆ ವಾಪಸ್. ನೀವು ಹೋದ ಮೇಲೆ ಮನೆಯವರು ಒಳ್ಳೇ ಮನಸ್ಸಿನಿಂದಲೇ ನಿಮ್ಮ ಚೀಟಿ ಕಿತ್ತರೆ, ವಿಮೆಯವರ ಕೊನೆಯ ಪತ್ರ ಸಿಗೋದಿಲ್ಲ. ಮೂರು ತಿಂಗಳು ಇರಲಿ ಅಂತ ಕೇಳಿಕೊಳ್ಳಿ. ಇನ್ನೊಂದು: ಬೇರೆಯವರ ಕಾಗದ ಒಡೆಯೋದು ಅಲ್ಲಿ ಅಪರಾಧ, ಆದ್ದರಿಂದ ನೀವು ಹೇಳದೆ ಅವರು ಒಡೆಯಲ್ಲ. 'ನನ್ನ ಹೆಸರಿಗೆ ಬಂದದ್ದನ್ನ ತೆಗೆದು ಫೋಟೋ ಕಳಿಸಬಹುದು' ಅಂತ ತಾರೀಖು, ಸಹಿ ಹಾಕಿ ಅರ್ಧ ಹಾಳೆ ಬರೆದುಕೊಟ್ಟುಬಿಡಿ.

ಕೋಣೆ ಒರೆಸಿ ಗುಡಿಸೋದು ಹೇಳಬೇಕಾಗಿಲ್ಲ. ಅರಿಶಿನದ ಕಲೆ ಮಾತ್ರ ಹೇಳಬೇಕು. ಬಿಳಿ ಪ್ಲಾಸ್ಟಿಕ್ ಡಬ್ಬಿ, ಮರದ ಸೌಟು, ಟೇಬಲ್ ಬಟ್ಟೆ ಇವುಗಳ ಮೇಲಿನ ಹಳದಿ ಎಷ್ಟು ತಿಕ್ಕಿದರೂ ಹೋಗಲ್ಲ. ಸಾಬೂನಲ್ಲಿ ತೊಳೆದು ಬಿಸಿಲಲ್ಲಿ ಎರಡು ಮೂರು ದಿನ ಇಡಿ, ಅರಿಶಿನದ ಬಣ್ಣ ಬೆಳಕಿಗೆ ತಾಳಲ್ಲ, ತಾನೇ ಮಾಸುತ್ತೆ. ಕೊನೆಯ ದಿನಕ್ಕೆ ಬಿಟ್ಟರೆ ಬಿಸಿಲು ಬರದೇ ಇರಬಹುದು. ಏನಾದರೂ ಒಡೆದಿದ್ದರೆ, ಬೀಗದ ಕೈ ಕಳೆದಿದ್ದರೆ ಹೊರಡುವ ಮುಂಚೆ ಹೇಳಿ, ಮುಚ್ಚಿಡಬೇಡಿ. ಸ್ವಯಂಸೇವಕರಿಗೆ ಸಾಮಾನ್ಯವಾಗಿ ಸಂಸ್ಥೆಯ ಕಡೆಯಿಂದ ಹೊಣೆಗಾರಿಕೆ ವಿಮೆ ಇರುತ್ತೆ, ಆದರೆ ತಡಮಾಡಿ ತಿಳಿಸಿದರೆ ತಕರಾರು. ಕೀಲಿಕೈಗಳನ್ನ ಎಣಿಸಿ ಕೈಗೇ ಕೊಡಿ. ಮನೆಯವರ ಜತೆ ಸರಿಹೋಗದೆ ಮನಸ್ತಾಪದಲ್ಲಿ ಹೊರಡುವವರಿಗೆ ಈ ಉತ್ತರದಲ್ಲಿ ಬೇಕಾಗಿರೋದು ಈ ಒಂದು ಪ್ಯಾರಾ ಮತ್ತು ಎರಡು ಸಾಲಿನ ಧನ್ಯವಾದದ ಕಾರ್ಡ್. ಕೀಲಿಕೈ ಕೊಟ್ಟದ್ದಕ್ಕೆ ಸಹಿ ತಗೊಳ್ಳಿ, ಬೇಕಾದರೆ ಸಂಯೋಜಕರನ್ನ ಜತೆಗೆ ಕರೀರಿ.

ಹೊರಡುವ ದಿನ ಸ್ಟೇಷನ್‌ಗೆ ಬರ್ತಾರೆ ಅಂದರೆ, ರೈಲು ನಿಲ್ಲೋದು ಎರಡು ಮೂರು ನಿಮಿಷ, ನಿಮ್ಮ ಹತ್ತಿರ ಎರಡು ದೊಡ್ಡ ಸೂಟ್‌ಕೇಸ್. ಅಳು, ಮಾತು ಎಲ್ಲಾ ಪ್ಲಾಟ್‌ಫಾರಂಗೆ ಇಟ್ಟುಕೊಂಡರೆ ಒಂದೂ ಆಗಲ್ಲ. ಹಿಂದಿನ ರಾತ್ರಿಯೇ ಮುಗಿಸಿ. ದೂರದ ರೈಲುಗಳು ತಡವಾಗೋದು ಅಲ್ಲಿ ಮಾಮೂಲು, ವಿಮಾನಕ್ಕೆ ಸರಿಹೋಗುವ ರೈಲಿಗಿಂತ ಎರಡು ರೈಲು ಮುಂಚಿನದು ಹಿಡೀರಿ.

ಮನೆ ಮುಟ್ಟಿದ ತಕ್ಷಣ ಒಂದು ಸಂದೇಶ, ತಪ್ಪಿಸಬೇಡಿ, ಕಾಯ್ತಿರ್ತಾರೆ. ಆಮೇಲೆ ಫೋನಿಗೆ ದಿನ ನಿಗದಿ ಮಾಡಿ, ಸುಮ್ಮನೆ ಕರೆ ಮಾಡೋದು ಅವರ ಅಭ್ಯಾಸ ಅಲ್ಲ. ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದ ತನಕ ನಾಲ್ಕೂವರೆ. ಅವರ ಭಾನುವಾರ ನಾಲ್ಕು ಗಂಟೆಯ ಕೇಕ್ ಹೊತ್ತು ನಮಗೆ ರಾತ್ರಿ ಏಳೂವರೆ ಅಥವಾ ಎಂಟೂವರೆ. ಡಿಸೆಂಬರ್ 24ರ ಸಂಜೆ ಕರೆ ಮಾಡಬೇಡಿ, ಅದು ಮನೆಯವರದೇ ಹೊತ್ತು, 25 ಅಥವಾ 26ರ ಮಧ್ಯಾಹ್ನ ಒಳ್ಳೇದು. ಹುಟ್ಟುಹಬ್ಬಕ್ಕೆ ನಮ್ಮ ಹಾಗೆ ರಾತ್ರಿ 12ಕ್ಕೆ ಶುಭಾಶಯ ಕಳಿಸಿದರೆ ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ. ಮುಂಚಿತವಾಗಿ ಹಾರೈಸೋದು ಜರ್ಮನರಿಗೆ ಅಪಶಕುನ, ಬೆಳಿಗ್ಗೆ ಎದ್ದು ಕಳಿಸಿ. ನವೆಂಬರ್ ಕೊನೆಯ ಕರೆಯಲ್ಲಿ, ಬರಬೇಕಾದ ಪತ್ರಗಳೆಲ್ಲ ಬಂದಿದ್ದರೆ, ಪೆಟ್ಟಿಗೆಯ ಮೇಲಿನ ಹೆಸರು ಇನ್ನು ತೆಗೀಬಹುದು ಅಂತ ನೀವೇ ಹೇಳಿಬಿಡಿ. ನೀವು ಹೇಳದಿದ್ದರೆ ಅವರು ತೆಗೆಯೋದಿಲ್ಲ.