ಕೊಯ್ಲು ಮುಗಿದ ಮೇಲೆ ಯಾವ ದೇಶ?

ಕಣದಿಂದ ಚೆರಿ (ಒಣಗಿಸಿದ ಕಾಫಿ ಹಣ್ಣು) ಎದ್ದು, ಮಾರಿದ ಹಣ ಕೈಗೆ ಬಂದ ಹೊತ್ತಿಗೆ ಕೊಡಗಿನಿಂದ ಪ್ರವಾಸದ ಪ್ರಶ್ನೆಗಳು ಶುರುವಾಗುತ್ತವೆ. ಈ ಸಲ ಹೆಚ್ಚಿನವರ ಕೋರಿಕೆ ಒಂದೇ ಬಗೆಯದು: ಗುಡ್ಡ, ಮಂಜು, ಜಲಪಾತ ಮನೆಯ ಹಿಂದೆಯೇ ಇವೆ, ಹೊಸದೇನಾದರೂ ಹೇಳಿ. ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ರೋಬಸ್ಟಾ ಕಾಫಿ ತೋಟ. ಮಾರ್ಚ್‌ನಲ್ಲಿ ನಾನೂ ಮನೆಯವರೂ ವಿಯೆಟ್ನಾಂಗೆ ಹೊರಟಿದ್ದೇವೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ದಾನಾಂಗ್‌ನ ಗೋಲ್ಡನ್ ಬ್ರಿಜ್ ಎಲ್ಲಕ್ಕಿಂತ ಮೇಲಿದೆ. ಅಷ್ಟು ಯೋಗ್ಯವೇ? ಬೇರೇನಾದರೂ ಇದೆಯೇ?
– ಓದುಗರು, ಪಾಲಿಬೆಟ್ಟ

ಉತ್ತರ: ಅರ್ಧ ದಿನ ಕೊಡಿ, ಸಾಕು. ಬಾ ನಾ ಬೆಟ್ಟದಲ್ಲಿ ಸುಮಾರು 1,400 ಮೀಟರ್ ಎತ್ತರದಲ್ಲಿ, ಎರಡು ದೈತ್ಯ ಕೈಗಳು ಎತ್ತಿ ಹಿಡಿದಂತೆ ಕಾಣುವ 150 ಮೀಟರ್ ಉದ್ದದ ಕಾಲುಸೇತುವೆ ಅದು. ತೆರೆದದ್ದು 2018ರಲ್ಲಿ. ಪಾಚಿಗಟ್ಟಿದ ಹಳೆಯ ಕಲ್ಲಿನಂತೆ ತೋರುವ ಆ ಕೈಗಳು ತಂತಿಬಲೆಯ ಮೇಲೆ ಮೆತ್ತಿದ ಫೈಬರ್‌ಗ್ಲಾಸ್. ಕೆಲಸ ಚೆನ್ನಾಗಿಯೇ ಇದೆ, ಅದರಲ್ಲಿ ಕೊಂಕಿಲ್ಲ. ಆದರೆ ಹತ್ತು ಗಂಟೆಯ ಹೊತ್ತಿಗೆ ಸೇತುವೆಗಿಂತ ಸೆಲ್ಫಿ ಕೋಲುಗಳೇ ಹೆಚ್ಚು ಕಾಣುತ್ತವೆ. ಮಂಜು ಕವಿದರಂತೂ ಮಾಂದಲ್‌ಪಟ್ಟಿಗೆ ಜೀಪು ಹತ್ತಿ ಬರಿಯ ಬಿಳುಪು ನೋಡಿ ಇಳಿದವರ ಪಾಡೇ ಅಲ್ಲಿಯೂ. ಬೆಳಗಿನ ಮೊದಲ ಕೇಬಲ್ ಕಾರಿನಲ್ಲೇ ಹೋಗಿಬನ್ನಿ.

ಉಳಿದ ದಿನಗಳನ್ನು ಬುವಾನ್ ಮಾ ಥುವೊಟ್‌ಗೆ ಇಟ್ಟುಕೊಳ್ಳಿ. ಏಜೆಂಟರು ಸಾಮಾನ್ಯವಾಗಿ ಬಾಯಿಬಿಡದ ಊರು. ಹೊ ಚಿ ಮಿನ್ ನಗರದಿಂದ ವಿಮಾನದಲ್ಲಿ ಒಂದು ಗಂಟೆ. ಜಗತ್ತಿನಲ್ಲಿ ಅತಿ ಹೆಚ್ಚು ರೋಬಸ್ಟಾ ಬೆಳೆಯುವ ದೇಶದ ಕಾಫಿ ರಾಜಧಾನಿ ಅದು. ಅಲ್ಲಿ 2018ರಲ್ಲಿ ವಿಶ್ವ ಕಾಫಿ ಮ್ಯೂಸಿಯಂ ತೆರೆಯಿತು. ಸ್ಥಳೀಯ ‘ಎಡೆ’ ಬುಡಕಟ್ಟಿನ ಜನರ ಉದ್ದ ಮನೆಗಳ ಚಾವಣಿಯನ್ನೇ ಬಾಗಿಸಿ ನಿಲ್ಲಿಸಿದಂಥ ಕಟ್ಟಡ. ಒಳಗೆ ಹುರಿಯುವ ಡ್ರಮ್ಮು, ಬೀಸುವ ಯಂತ್ರ, ಹೂಜಿಗಳು. ಇವುಗಳಲ್ಲಿ ಬಹುಪಾಲು ಜರ್ಮನಿಯ ಹ್ಯಾಂಬರ್ಗ್‌ನ ಒಂದು ಕಾಫಿ ಸಂಗ್ರಹಾಲಯದಿಂದ ಕೊಂಡು ತಂದವು.

ಮ್ಯೂಸಿಯಂಗಿಂತ ಊರಾಚೆಯ ತೋಟಗಳೇ ನಿಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುತ್ತವೆ ಎಂಬುದು ನನ್ನ ಅಂದಾಜು. ನಮ್ಮಲ್ಲಿಯಂತೆ ಮರದ ನೆರಳಿಲ್ಲ. ಬಹಳ ಕಡೆ ಗಿಡಗಳು ಬಯಲಿನಲ್ಲೇ ನಿಂತಿರುತ್ತವೆ. ಪ್ರತಿ ಗಿಡದ ಬುಡದಲ್ಲಿ ಪಾತಿ, ಅದಕ್ಕೆ ಪೈಪು ಎಳೆದು ನೀರು ಬಿಡುತ್ತಾರೆ. ಸ್ಪ್ರಿಂಕ್ಲರ್ ಹೊತ್ತು ತಿರುಗಿದ ನಿಮಗೆ ಅದೊಂದು ಬೇರೆಯೇ ಲೆಕ್ಕಾಚಾರ. ಮೆಣಸಿನ ಬಳ್ಳಿ ಸಿಲ್ವರ್ ಓಕ್ ಬದಲು ಕಾಂಕ್ರೀಟ್ ಕಂಬಗಳನ್ನು ಹಬ್ಬಿರುತ್ತದೆ. ನಮ್ಮ ಸಂತೆಯಲ್ಲಿ ಮೆಣಸಿನ ಬೆಲೆ ಕುಸಿದಾಗಲೆಲ್ಲ ವಿಯೆಟ್ನಾಂ ಮೆಣಸಿನ ಹೆಸರಿನಲ್ಲಿ ಬೈಸಿಕೊಳ್ಳುವ ಕಂಬಗಳು ಇವೇ, ಮುಖತಃ ನೋಡಿಬಿಡಿ. ಕಾಫಿಯ ಸಾಲುಗಳ ನಡುವೆ ಈಗ ಡ್ಯೂರಿಯನ್ ಹಣ್ಣಿನ ಮರಗಳೂ ಎದ್ದಿವೆ, ಚೀನಾ ಕೊಂಡುಕೊಳ್ಳುತ್ತದೆ.

ಮಾರ್ಚ್ ಒಳ್ಳೆಯ ಆಯ್ಕೆ. ಅದು ಅಲ್ಲಿ ಒಣಹವೆಯ ಕಾಲ, ತಿಂಗಳ ಆರಂಭದಲ್ಲಿ ಹೂವೂ ಸಿಗಬಹುದು. ಬೆಸ ಸಂಖ್ಯೆಯ ವರ್ಷಗಳಲ್ಲಿ ಅದೇ ತಿಂಗಳು ಕಾಫಿ ಉತ್ಸವ ನಡೆಯುವುದು ವಾಡಿಕೆ. ಕಾಫಿ ಕುಡಿಯುವಾಗ ಅವಸರ ಬೇಡ. ಗಾಜಿನ ಲೋಟದ ಮೇಲೆ ‘ಫಿನ್’ ಎಂಬ ಪುಟ್ಟ ಅಲ್ಯೂಮಿನಿಯಂ ಫಿಲ್ಟರ್ ಕೂರಿಸಿ ತಂದಿಡುತ್ತಾರೆ. ತಳದಲ್ಲಿ ಬೆರಳಗಲ ಮಂದಗೊಳಿಸಿದ ಸಿಹಿ ಹಾಲು, ಅದರ ಮೇಲೆ ಕಪ್ಪು ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಬೆಲ್ಲದ ಕಾಫಿಗೆ ಒಗ್ಗಿದ ನಾಲಿಗೆಗೂ ಅದು ಸಿಹಿ ಹೆಚ್ಚೇ. ಬೇಡದಿದ್ದರೆ ಹಾಲು ಹಾಕದಂತೆ ಮೊದಲೇ ಹೇಳಿ.

ವೀಸಾ ಆನ್‌ಲೈನಿನಲ್ಲೇ ಆಗುತ್ತದೆ. 90 ದಿನಗಳವರೆಗಿನ ಇ-ವೀಸಾ, ಒಂದು ಪ್ರವೇಶಕ್ಕೆ 25 ಡಾಲರ್. ವಿಯೆಟ್ನಾಂ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಿ. ಅದನ್ನೇ ಹೋಲುವ ಖಾಸಗಿ ತಾಣಗಳು ದುಪ್ಪಟ್ಟು ಕೀಳುತ್ತವೆ.

ಪ್ರಶ್ನೆ: ಮಗಳು ಅಬುಧಾಬಿಯಲ್ಲಿದ್ದಾಳೆ. ಜುಲೈಯಲ್ಲಿ ಬನ್ನಿ ಎನ್ನುತ್ತಾಳೆ. ಬುರ್ಜ್ ಖಲೀಫಾ, ಮರುಭೂಮಿ ಸಫಾರಿ ಎರಡೂ ಆಗಿವೆ. ಯಜಮಾನರಿಗೆ ಮಂಡಿನೋವು. ಹೋಗಿ ಏನು ಮಾಡುವುದು?
– ಓದುಗರು, ವಿರಾಜಪೇಟೆ

ಉತ್ತರ: ಜುಲೈಯಲ್ಲಿ ಅಲ್ಲಿ ಹೊರಗೆ ಕಾಲಿಡುವಂತಿಲ್ಲ, ಆದರೆ ಈಗ ಹೊರಗೆ ಹೋಗುವ ಅಗತ್ಯವೂ ಇಲ್ಲ. ಸಾದಿಯತ್ ದ್ವೀಪದಲ್ಲಿ ಹೊಸ ಮ್ಯೂಸಿಯಂಗಳು ಒಂದರ ಬೆನ್ನಿಗೆ ಒಂದು ತೆರೆದಿವೆ. 2025ರ ನವೆಂಬರ್‌ನಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಬಂತು. ಅಲ್ಲಿರುವ ‘ಸ್ಟ್ಯಾನ್’ ಎಂಬ ಟಿರಾನೊಸಾರಸ್ ರೆಕ್ಸ್‌ನ ಅಸ್ಥಿಪಂಜರ 2020ರ ಹರಾಜಿನಲ್ಲಿ 3 ಕೋಟಿ ಡಾಲರಿಗೂ ಹೆಚ್ಚಿಗೆ ಹೋಗಿತ್ತು. ಮರುತಿಂಗಳು ಜಾಯೆದ್ ನ್ಯಾಷನಲ್ ಮ್ಯೂಸಿಯಂ ತೆರೆಯಿತು. ಅದರ ಮೇಲೆ ಗಿಡುಗದ ರೆಕ್ಕೆಯ ಗರಿಗಳಂತೆ ಐದು ಗೋಪುರಗಳು. ಅವು ಅಲಂಕಾರಕ್ಕೆ ನಿಂತವಲ್ಲ. ಕಟ್ಟಡದ ಬಿಸಿಗಾಳಿಯನ್ನು ಮೇಲಕ್ಕೆ ಸೆಳೆದು ಹೊರಗೆ ಬಿಡುವಂತೆ ವಿನ್ಯಾಸಗೊಳಿಸಿದ್ದಾರೆ. ಇಷ್ಟನ್ನೂ ಒಂದೇ ದಿನಕ್ಕೆ ತುರುಕಬೇಡಿ, ಮಂಡಿ ಮಾತಾಡುತ್ತದೆ. ದುಬೈ ದಾರಿಯಲ್ಲಿ 2024ರ ಫೆಬ್ರುವರಿಯಲ್ಲಿ ತೆರೆದ ಬಿಎಪಿಎಸ್ ಹಿಂದೂ ಮಂದಿರಕ್ಕೆ ಮುಂಚಿತವಾಗಿ ನೋಂದಣಿ ಮಾಡಿಸಿ ಹೋಗಿ. ಆ ದೇಶದ ಏಳು ಎಮಿರೇಟ್‌ಗಳಿಗೆ ಒಂದೊಂದರಂತೆ ಮಂದಿರಕ್ಕೆ ಏಳು ಶಿಖರ.

ಇನ್ನೊಂದು ಮಾತು. ಅಬುಧಾಬಿಗೆ ವಿರಾಜಪೇಟೆಯವರು ಬೆಂಗಳೂರು ಸುತ್ತಿ ಬರಬೇಕಿಲ್ಲ. ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ಅರುವತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ಆದರೆ ಜುಲೈ ಮಳೆಯಲ್ಲಿ ದಾರಿಯ ಮಾಕುಟ್ಟ ಘಾಟಿಯನ್ನು ನಂಬಿ ಕೊನೆಯ ಗಳಿಗೆಯಲ್ಲಿ ಹೊರಡಬೇಡಿ.

ಪ್ರಶ್ನೆ: ಅಣ್ಣ ವಿಯೆನ್ನಾದಲ್ಲಿದ್ದಾರೆ. ಮೇ ರಜೆಯಲ್ಲಿ ಮಕ್ಕಳೊಂದಿಗೆ ಹೋಗುತ್ತಿದ್ದೇವೆ. ಚರ್ಚು, ಅರಮನೆ ಎಂದರೆ ಮಕ್ಕಳು ಈಗಲೇ ಆಕಳಿಸುತ್ತಾರೆ.
– ಓದುಗರು, ಸೋಮವಾರಪೇಟೆ

ಉತ್ತರ: ಮಕ್ಕಳ ಪಕ್ಷವೇ ನನ್ನದು. ರೊಮೇನಿಯಾದ ಟುರ್ಡಾ ಉಪ್ಪಿನ ಗಣಿಗೆ ಕರೆದೊಯ್ಯಿರಿ. ಕ್ಲುಜ್ ನಗರದಿಂದ ಸುಮಾರು ಮೂವತ್ತು ಕಿಲೋಮೀಟರ್. ಉಪ್ಪು ತೆಗೆಯುವುದು 1932ರಲ್ಲಿ ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಜನ ಬಾಂಬಿಗೆ ಹೆದರಿ ಅಲ್ಲಿ ಅಡಗಿದರು, ಆಮೇಲೆ ಚೀಸ್ ದಾಸ್ತಾನಿಗೆ ಬಳಸಿದರು, 1992ರಲ್ಲಿ ಪ್ರವಾಸಿಗರಿಗೆ ತೆರೆದರು. 2010ರಲ್ಲಿ ನವೀಕರಣವಾದ ಮೇಲೆ ನೆಲದಾಳದಲ್ಲಿ ಜಯಂಟ್ ವೀಲ್ ತಿರುಗುತ್ತಿದೆ, ಅದಕ್ಕೂ ಕೆಳಗಿನ ಉಪ್ಪುನೀರಿನ ಕೆರೆಯಲ್ಲಿ ದೋಣಿ ತೇಲುತ್ತಿದೆ. ಲಿಫ್ಟ್ ಚಿಕ್ಕದು, ಸಾಲು ದೊಡ್ಡದು. ಮಕ್ಕಳಿರುವುದರಿಂದ ಮೆಟ್ಟಿಲಲ್ಲೇ ಇಳಿಯಿರಿ. ಹದಿಮೂರು ಅಂತಸ್ತು. ಗೋಡೆಯುದ್ದಕ್ಕೂ ಉಪ್ಪಿನ ಕಪ್ಪು ಬಿಳಿ ಪಟ್ಟೆಗಳು ಅಲೆಯಲೆಯಾಗಿ ಇಳಿದಿರುತ್ತವೆ. ಪ್ರತಿ ಅಂತಸ್ತಿನ ಗೋಡೆಯಲ್ಲೂ ಅಲ್ಲಿ ಉಪ್ಪು ತೆಗೆದ ಇಸವಿಯ ಗುರುತಿದೆ. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ 10–12 ಡಿಗ್ರಿ, ಸ್ವೆಟರ್ ಮರೆಯಬೇಡಿ.

ರೊಮೇನಿಯಾ 2025ರ ಜನವರಿಯಿಂದ ಪೂರ್ಣವಾಗಿ ಷೆಂಗೆನ್ ವಲಯದಲ್ಲಿ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟ) ಇರುವುದರಿಂದ ಆಸ್ಟ್ರಿಯಾಕ್ಕೆ ಪಡೆದ ಷೆಂಗೆನ್ ವೀಸಾ ಅಲ್ಲಿಯೂ ನಡೆಯುತ್ತದೆ.

ಕೋಪನ್‌ಹೇಗನ್ ಕಡೆ ಹೋಗುವುದಿದ್ದರೆ ಕೋಪನ್‌ಹಿಲ್ ನೋಡಿ. ಕಸ ಸುಟ್ಟು ವಿದ್ಯುತ್ತು ಮತ್ತು ಊರಿನ ಮನೆಗಳಿಗೆ ಶಾಖ ತಯಾರಿಸುವ ಕಾರ್ಖಾನೆ. ಅದರ ಇಳಿಜಾರು ಮಾಳಿಗೆಯಲ್ಲಿ 2019ರಿಂದ ಜನ ಹಿಮವಿಲ್ಲದೆಯೇ ಸ್ಕೀಯಿಂಗ್ ಮಾಡುತ್ತಾರೆ. ಸ್ಕೀ ಬಾರದವರಿಗೆ ನಡೆದು ಹತ್ತುವ ದಾರಿ ಇದೆ. ವಾರಾಂತ್ಯ ಕಳೆದ ಮೇಲೆ ರಸ್ತೆಬದಿಯ ಬಾಟಲಿ, ಚಿಪ್ಸ್ ಪೊಟ್ಟಣ ಹೆಕ್ಕುವ ನಾವು ನೋಡಲೇಬೇಕಾದದ್ದು. ಆದರೆ ಎರಡರಲ್ಲಿ ಒಂದೇ ಸಾಧ್ಯವೆಂದರೆ ಟುರ್ಡಾ.

ಪ್ರಶ್ನೆ: ಸೇನೆಯಿಂದ ನಿವೃತ್ತನಾಗಿದ್ದೇನೆ. ತಡಿಯಂಡಮೋಳ್ ಈಗಲೂ ವರ್ಷಕ್ಕೊಮ್ಮೆ ಹತ್ತುತ್ತೇನೆ. ಹತ್ತಿರದ ದೇಶದಲ್ಲಿ ನಡೆಯುವಂಥದ್ದು ಹೇಳಿ.
– ಓದುಗರು, ಮಡಿಕೇರಿ

ಉತ್ತರ: ಶ್ರೀಲಂಕಾದ ಪೆಕೊ ಟ್ರೇಲ್. ಕ್ಯಾಂಡಿಯ ಬಳಿಯ ಹಂತಾನದಿಂದ ನುವರ ಎಲಿಯದವರೆಗೆ 300 ಕಿಲೋಮೀಟರಿಗೂ ಹೆಚ್ಚು, 22 ಹಂತ. ಬ್ರಿಟಿಷರ ಕಾಲದಲ್ಲಿ ಚಹಾ ಸಾಗಿಸಲು ಮಾಡಿದ ದಾರಿಗಳನ್ನು ಜೋಡಿಸಿ ರೂಪಿಸಿದ್ದಾರೆ. ಪೂರ್ತಿ ನಡೆಯುವ ಹಟ ಬೇಡ. ಹಪುತಳೆ ಮತ್ತು ‘ಎಲ್ಲ’ ಎಂಬ ಊರುಗಳ ಕಡೆಯ ಮೂರು ನಾಲ್ಕು ಹಂತ ಆರಿಸಿಕೊಳ್ಳಿ, ರೈಲಿನಲ್ಲಿ ಹೋಗಿಬರಬಹುದು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ ಆ ಗುಡ್ಡಗಳಲ್ಲಿ ಭಾರೀ ಭೂಕುಸಿತವಾಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತ ಕಂಡವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಯಾವ ಹಂತ ತೆರೆದಿದೆ ಎಂದು ವಿಚಾರಿಸಿಕೊಂಡೇ ಟಿಕೆಟ್ ಮಾಡಿಸಿ. ಜಿಗಣೆ ಕಾಲುಚೀಲ ಹೇಗೂ ನಿಮ್ಮಲ್ಲಿ ಇದ್ದೇ ಇರುತ್ತದೆ, ಅದನ್ನೇ ಒಯ್ಯಿರಿ.