ಎದೆ ಮೇಲೆ ಕೂತದ್ದು ದೆವ್ವವಲ್ಲ, ಕುಡುಗೋಲು ತೆಗೆದಿಡಿ

ಈ ಪ್ರಶ್ನೆಗೆ ಹಿಂದೆಯೂ ಉತ್ತರಿಸಿದ್ದೇನೆ. ಆದರೂ ಪತ್ರಗಳು ನಿಲ್ಲುತ್ತಿಲ್ಲ, ತಾಯಿತ ಕಟ್ಟುವವರ ವ್ಯಾಪಾರವೂ ನಿಲ್ಲುತ್ತಿಲ್ಲ. ಹಾಗಾಗಿ ಈ ಸಲ ಅಂಕಣದ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತೇನೆ.

ಪ್ರಶ್ನೆ: ನನಗೆ 26 ವರ್ಷ, ಕಾರ್ಖಾನೆಯಲ್ಲಿ ಮೂರು ಪಾಳಿಯ ಕೆಲಸ. ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಮಲಗಿದಾಗ ಇದ್ದಕ್ಕಿದ್ದಂತೆ ಎಚ್ಚರವಾಗುತ್ತದೆ. ಕೈಕಾಲು ಆಡುವುದಿಲ್ಲ, ಕೂಗಬೇಕೆಂದರೆ ದನಿ ಹೊರಡುವುದಿಲ್ಲ. ಯಾರೋ ಎದೆ ಮೇಲೆ ಕೂತು ಅದುಮಿದ ಹಾಗಾಗುತ್ತದೆ. ಬಾಗಿಲ ಬಳಿ ಕಪ್ಪಗೆ ಒಬ್ಬರು ನಿಂತಿರುತ್ತಾರೆ. ಅಮ್ಮ ತಾಯಿತ ಕಟ್ಟಿಸಿ, ದಿಂಬಿನಡಿ ಕುಡುಗೋಲು ಇಟ್ಟಿದ್ದಾರೆ. ಇದು ಲಕ್ವದ ಮುನ್ಸೂಚನೆಯೇ?

ಉತ್ತರ: ಮೊದಲು ಕುಡುಗೋಲು ತೆಗೆಯಿರಿ. ಗಾಬರಿಯಲ್ಲಿ ಎದ್ದವನ ಕೈಗೆ ಹರಿತವಾದದ್ದು ಸಿಗುವುದೇ ಇಲ್ಲಿರುವ ನಿಜವಾದ ಅಪಾಯ. ಇದು ಲಕ್ವ ಅಲ್ಲ, ಇದರಿಂದ ಸಾಯುವುದೂ ಇಲ್ಲ. ಹೆಸರು ಸ್ಲೀಪ್ ಪ್ಯಾರಾಲಿಸಿಸ್. ನೂರಕ್ಕೆ ಏಳೆಂಟು ಜನ ಒಮ್ಮೆಯಾದರೂ ಅನುಭವಿಸಿರುತ್ತಾರೆ.

ಗಾಢವಾದ ಕನಸುಗಳು ಹೆಚ್ಚಾಗಿ ಬೀಳುವುದು ರೆಮ್ ನಿದ್ರೆಯಲ್ಲಿ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಹಂತದಲ್ಲಿ. ಆಗ ಮಿದುಳುಕಾಂಡದ ಪಾನ್ಸ್ ಭಾಗದಿಂದ ಹೊರಟ ಆಜ್ಞೆ ಬೆನ್ನುಹುರಿಗೆ ಇಳಿದು, ಸ್ನಾಯುಗಳನ್ನು ಆಡಿಸುವ ನರಕೋಶಗಳಿಗೆ ಬೀಗ ಹಾಕುತ್ತದೆ. ಗ್ಲೈಸಿನ್ ಮತ್ತು ಗಾಬಾ ಎಂಬ ರಾಸಾಯನಿಕಗಳದ್ದು ಆ ಕೆಲಸ. ಬೀಗ ಇಲ್ಲದಿದ್ದರೆ ಕನಸಿನಲ್ಲಿ ಓಡುವವನು ಹಾಸಿಗೆಯಿಂದಲೇ ಓಡಿಬಿಡುತ್ತಾನೆ. ನಿಮಗೆ ಆಗುತ್ತಿರುವುದು ಇಷ್ಟೇ: ಎಚ್ಚರ ಬೇಗ ಬಂತು, ಬೀಗ ತೆಗೆಯುವುದು ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ ತಡವಾಯಿತು.

ಹಾಗಾದರೆ ಎದೆ ಮೇಲಿನ ಭಾರ? ಬೀಗ ಬೀಳದೆ ಉಳಿಯುವುದು ಕಣ್ಣಿನ ಸ್ನಾಯುಗಳು ಮತ್ತು ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು. ವಪೆಯೊಂದರಿಂದಲೇ ಉಸಿರಾಟ ನಡೆಯುತ್ತಿರುತ್ತದೆ. ಪಕ್ಕೆಲುಬಿನ ಸ್ನಾಯುಗಳು ಸಡಿಲವಾಗಿರುವುದರಿಂದ ಬೇಕೆಂದಾಗ ದೀರ್ಘವಾಗಿ ಉಸಿರೆಳೆಯಲು ಆಗುವುದಿಲ್ಲ. ಆ ಆಗದಿರುವುದೇ ‘ಯಾರೋ ಅದುಮಿದ’ ಭಾವನೆ. ಭಯ ಹುಟ್ಟಿಸುವ ಅಮಿಗ್ಡಾಲ ಎಂಬ ಮಿದುಳಿನ ಭಾಗ ರೆಮ್ ನಿದ್ರೆಯಲ್ಲಿ ಬಲು ಚುರುಕು. ಕನಸಿನ ಚೂರು ಇನ್ನೂ ಕಣ್ಣೆದುರು ಇದೆ, ಭಯವೂ ಇದೆ. ಮಿದುಳು ಎರಡನ್ನೂ ಕೂಡಿಸಿ ಬಾಗಿಲಲ್ಲಿ ಆಳನ್ನು ನಿಲ್ಲಿಸುತ್ತದೆ. ಜಪಾನಿನವರು ಇದನ್ನು ಕನಶಿಬಾರಿ ಎನ್ನುತ್ತಾರೆ, ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನವರು ಮುದಿ ಮಾಟಗಾತಿ ಬಂದಳು ಎನ್ನುತ್ತಾರೆ. ನಿಮ್ಮೂರ ಹುಣಸೆಮರದ ದೆವ್ವ ಅಷ್ಟು ದೂರ ಹೋದದ್ದು ಹೇಗೆಂದು ತಾಯಿತದವರನ್ನೇ ಕೇಳಿ.

ನಿಮಗೇ ಯಾಕೆ? ಶಿಫ್ಟ್. ಮಿದುಳಿನ ಗಡಿಯಾರ ರೆಮ್ ನಿದ್ರೆಗೆ ಹೆಚ್ಚು ಒತ್ತು ಕೊಡುವುದು ಬೆಳಗಿನ ಜಾವದಿಂದ ಮುಂಜಾನೆಯವರೆಗೆ. ರಾತ್ರಿ ಮಲಗಿದವರಿಗೆ ಮೊದಲ ರೆಮ್ ಸುಮಾರು 90 ನಿಮಿಷಕ್ಕೆ ಬಂದರೆ, ನಿದ್ದೆಗೆಟ್ಟು ಬೆಳಿಗ್ಗೆ ಏಳಕ್ಕೆ ಮಲಗಿದವರಿಗೆ ಬೇಗ ಬರಬಹುದು. ಮೇಲೆ ಬೀದಿಯ ಹಾರನ್ನು, ತರಕಾರಿ ಗಾಡಿಯ ಕೂಗು. ಅರ್ಧಕ್ಕೇ ಎಚ್ಚರವಾಗದೆ ಇನ್ನೇನು?

ಅಂಗಾತ ಮಲಗಬೇಡಿ, ಮಗ್ಗುಲಾಗಿ. ಕಿಟಕಿಗೆ ದಪ್ಪ ಪರದೆ. ಪಾಳಿಯ ಕೊನೆಯ ಅರ್ಧದಲ್ಲಿ ಟೀ ಕಾಫಿ ಬೇಡ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ. ಹಾಗಾದಾಗ ಕೊಸರಾಡಬೇಡಿ, ಕೊಸರಿದಷ್ಟೂ ದಿಗಿಲು ಹೆಚ್ಚು. ಒಂದು ಬೆರಳ ತುದಿ ಆಡಿಸಲು ನೋಡಿ. ಪಕ್ಕದಲ್ಲಿದ್ದವರು ಮುಟ್ಟಿದರೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಮಾತ್ರೆ ಬರೆಯುವುದರಲ್ಲಿ ನಾನು ಜಿಪುಣ, ಇದಕ್ಕಂತೂ ಬರೆಯುವುದಿಲ್ಲ.

ಒಂದು ವಿಷಯ ಮಾತ್ರ ಗಮನಿಸಿ. ಚೆನ್ನಾಗಿ ನಿದ್ದೆಯಾದ ಮೇಲೂ ಹಗಲು ಕೂತಲ್ಲೇ ತಡೆಯಲಾರದ ನಿದ್ದೆ, ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುವುದು ಇದ್ದರೆ ನರರೋಗ ತಜ್ಞರನ್ನು ಕಾಣಿ. ಅದು ನಾರ್ಕೊಲೆಪ್ಸಿ ಇರಬಹುದು. ಎಚ್ಚರವನ್ನು ಹಿಡಿದಿಡುವ ಒರೆಕ್ಸಿನ್ ಕೋಶಗಳು ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿ ನಾಶವಾದಾಗ ಬರುವ ಕಾಯಿಲೆ.

ಪ್ರಶ್ನೆ: ನನಗೆ ನಿದ್ದೆಯೇ ಇಲ್ಲ, ಮಾತ್ರೆ ಹೇಳಿ. ಯಜಮಾನರಿಗೆ 61. ಬೆಳಗಿನ ಜಾವ ನಿದ್ದೆಯಲ್ಲೇ ಯಾರನ್ನೋ ಬೈಯುತ್ತ ಒದೆಯುತ್ತಾರೆ. ಮೊನ್ನೆ ನನ್ನ ಮುಖಕ್ಕೇ ಗುದ್ದಿದರು. ಮಕ್ಕಳು ವಿಡಿಯೊ ಮಾಡಿ ನಗುತ್ತಾರೆ.

ಉತ್ತರ: ತಾಯಿ, ಮಾತ್ರೆ ಬೇಡ. ನಾನು ಬೆಚ್ಚಿದ್ದು ನಿಮ್ಮ ಪತ್ರಕ್ಕೇ. ಮೇಲಿನ ಹುಡುಗನಲ್ಲಿ ಬೀಗ ತೆಗೆಯಲು ತಡ, ನಿಮ್ಮ ಯಜಮಾನರಲ್ಲಿ ಬೀಗವೇ ಬೀಳುತ್ತಿಲ್ಲವೆಂಬ ಅನುಮಾನ. ಫ್ರಾನ್ಸಿನ ನಿದ್ರಾ ವಿಜ್ಞಾನಿ ಮಿಷೆಲ್ ಝುವೆ ಬೆಕ್ಕುಗಳ ಪಾನ್ಸ್‌ಗೆ ಗಾಯ ಮಾಡಿದಾಗ ಅವು ನಿದ್ದೆಯಲ್ಲೇ ಎದ್ದು ಇಲ್ಲದ ಬೇಟೆಯ ಮೇಲೆರಗಿದವು. ಮನುಷ್ಯರಲ್ಲಿ ಇದೇ ಬಗೆಯ ಕಾಯಿಲೆಯನ್ನು 1986ರಲ್ಲಿ ಅಮೆರಿಕದ ವೈದ್ಯರಾದ ಶೆಂಕ್ ಮತ್ತು ಮಹೊವಾಲ್ಡ್ ವಿವರಿಸಿದರು. ಕೆಲವು ಖಿನ್ನತೆಯ ಮಾತ್ರೆಗಳಿಂದಲೂ ಹೀಗಾಗುತ್ತದೆ. ಆದರೆ ಈ ವಯಸ್ಸಿನಲ್ಲಿ ಬಂದರೆ ಎಷ್ಟೋ ಜನರಿಗೆ ವರ್ಷಗಳ ನಂತರ ಕೈಕಾಲು ನಡುಗುವ, ನಡೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಮಕ್ಕಳ ವಿಡಿಯೊ, ಯಜಮಾನರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಹಿಡಿದು ಈ ವಾರವೇ ನರರೋಗ ತಜ್ಞರ ಬಳಿ ಹೋಗಿ. ಅಲ್ಲಿಯವರೆಗೆ ಬೇರೆ ಹಾಸಿಗೆ, ಮಂಚದ ಪಕ್ಕದ ಗಾಜಿನ ಲೋಟ ದೂರ. ನಿಮ್ಮ ನಿದ್ದೆ ಆಗ ತಾನಾಗಿ ಸುಧಾರಿಸಬಹುದು.

ಪ್ರಶ್ನೆ: ಬೆಳಗಿನ ಜಾವದ ಕನಸು ನಿಜವಾಗುತ್ತದೆಯೇ?

ಉತ್ತರ: ಇಲ್ಲ. ಆ ಹೊತ್ತಿಗೆ ರೆಮ್ ಹೆಚ್ಚು, ಅದರಿಂದ ನೇರ ಎಚ್ಚರವಾಗುವುದರಿಂದ ನೆನಪಿರುತ್ತದೆ, ಅಷ್ಟೆ.

ಪ್ರಶ್ನೆ: ಉತ್ತರಕ್ಕೆ ತಲೆ ಹಾಕಿದರೆ ಮಿದುಳಿಗೆ ತೊಂದರೆಯೇ?

ಉತ್ತರ: ದಿಂಬಿನ ಬಳಿ ಮೊಬೈಲ್ ಇದ್ದರೆ ಯಾವ ದಿಕ್ಕಿಗೆ ಹಾಕಿದರೂ ನಿದ್ದೆಗೆ ತೊಂದರೆಯೇ.

ಪ್ರಶ್ನೆ: ಎರಡು ವರ್ಷದಿಂದ ಮೆಡಿಕಲ್‌ನಲ್ಲಿ ಅಲ್ಪ್ರಾಜೊಲಾಮ್ ಎಂಬ ನಿದ್ದೆ ಮಾತ್ರೆ ತಂದು ನುಂಗುತ್ತಿದ್ದೇನೆ. ಇವತ್ತೇ ಬಿಡಲೇ?

ಉತ್ತರ: ಬೇಡ. ದಿಢೀರನೆ ಬಿಟ್ಟರೆ ಫಿಟ್ಸ್ ಬರಬಹುದು. ಅಂಗಡಿಯವರನ್ನಲ್ಲ, ವೈದ್ಯರನ್ನು ಕೇಳಿ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.